ಸದ್ದು ನುಂಗುವ ಪೆಟ್ಟಿಗೆ

ಬಾಣಾವರದ ಸುತ್ತಮುತ್ತ ತೆಂಗಿನ ತೋಟ ಇಟ್ಟುಕೊಂಡಿರುವ ಯಾರನ್ನಾದರೂ ಕೇಳಿ ನೋಡಿ, ಜವರಯ್ಯನ ಬಗ್ಗೆ ಎರಡು ಮಾತು ಹೇಳುತ್ತಾರೆ. ಅವನಂಥ ಕಿವಿ ಈ ಸೀಮೆಯಲ್ಲಿ ಇನ್ನೊಬ್ಬನಿಗಿಲ್ಲ ಅನ್ನುವುದು ಒಂದು. ಅವನಂಥ ಬಾಯಿ ಇನ್ನೊಬ್ಬನಿಗೆ ಬರುವುದೂ ಬೇಡ ಅನ್ನುವುದು ಇನ್ನೊಂದು. ಎರಡನ್ನೂ ಅವನು ಹೊಗಳಿಕೆ ಅಂತಲೇ ತಿಳಿದುಕೊಂಡಿದ್ದ.

ಕಿವಿಯ ವಿಚಾರ ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನ ಜಗಳದ ತಲೆಬುಡ ತಿಳಿಯುವುದಿಲ್ಲ. ಉಂಡೆ ಕೊಬ್ಬರಿ ಮಾಡುವವರು ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ಒಂದು ವರ್ಷ ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಬೇಕು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿದ್ದರೆ ಒಂದು ಸದ್ದು, ಉಂಡೆ ಬಿಟ್ಟಿದ್ದರೆ ಇನ್ನೊಂದು ಸದ್ದು, ತಿರುಳು ಇನ್ನೂ ಚಿಪ್ಪಿಗೆ ಕಚ್ಚಿಕೊಂಡಿದ್ದರೆ ಸದ್ದೇ ಇಲ್ಲ. ಆತುರಪಟ್ಟು ಒಡೆದರೆ ತಿರುಳು ಚೂರುಚೂರಾಗಿ ಬರುತ್ತದೆ, ವರ್ಷದ ಕಾಯುವಿಕೆ ಮಣ್ಣುಪಾಲು. ಹಾಗಾಗಿ ಅಟ್ಟದ ಮೇಲೆ ಕೂತು ಅಲ್ಲಾಡಿಸುವವನು ಹೇಳಿದ್ದೇ ತೀರ್ಪು.

ಜವರಯ್ಯ ಮೀಸೆ ಮೂಡುವ ಮೊದಲೇ ಆ ತೀರ್ಪು ಕೊಡಲು ಕೂತವನು. ಊರೂರಿನವರು ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು, ಆಮೇಲೆ ಬೈಕಿನಲ್ಲಿ. ಹೋದವನು ಅಟ್ಟ ಹತ್ತಿ ಕಾಲು ಚಾಚಿ ಕೂತು ಒಂದೊಂದೇ ಕಾಯನ್ನು ಕಿವಿಗೆ ಹಿಡಿದು, ಆದದ್ದನ್ನು ಬಲಕ್ಕೂ ಆಗದ್ದನ್ನು ಎಡಕ್ಕೂ ಎಸೆಯುತ್ತ, ಬಾಯಲ್ಲಿ ಆ ಮನೆಯವರ ಏಳು ತಲೆಮಾರನ್ನೂ ಜಾಲಾಡುತ್ತಿದ್ದ. ಕಾಯಿ ಹಾಕಿದ ರೀತಿ ಸರಿಯಿಲ್ಲ, ಅಟ್ಟಕ್ಕೆ ಗಾಳಿಯಿಲ್ಲ, ಕೊಟ್ಟ ಮುದ್ದೆ ಗಂಟುಗಂಟು, ಸಾರಿಗೆ ಉಪ್ಪಿಲ್ಲ. ಜನ ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಿದ್ದರು. ಏಕೆಂದರೆ ಅವನು ಬಲಕ್ಕೆ ಎಸೆದ ಕಾಯಿ ಒಡೆದರೆ ಉಂಡೆ ಬಿದ್ದೇ ಬೀಳುತ್ತಿತ್ತು. ಬೈಗುಳ ತಿಂದರೂ ಪರವಾಗಿಲ್ಲ, ಕೊಬ್ಬರಿ ಉಳಿಯುತ್ತಲ್ಲ.

ಈಚೆಗೆ ಕರೆಯುವವರು ಕಮ್ಮಿಯಾಗಿದ್ದರು. ಯಾರೂ ಏನೂ ಹೇಳಲಿಲ್ಲ, ಸುಮ್ಮನೆ ಬರುವುದು ಬಿಟ್ಟರು. ‘ಸೊಕ್ಕು ಬಂದೈತೆ ನನ್ ಮಕ್ಳಿಗೆ’ ಅಂದುಕೊಂಡ ಜವರಯ್ಯ. ತನ್ನ ಮನೆಯ ಅಟ್ಟ ಒಂದಿತ್ತಲ್ಲ, ಅದು ಸಾಕು ಅಂದುಕೊಂಡ.

ಆ ಅಟ್ಟದಲ್ಲೇ ಹೋದ ವರ್ಷ ಮಾನ ಹೋಯಿತು. ಕಾಯಿ ಒಡೆಯುವ ಹೆಂಗಸರು ಅಂಗಳದಲ್ಲಿ ಕೂತು ಚಿಪ್ಪು ಬಿಡಿಸುತ್ತಿದ್ದಾಗ ಒಂದರ ಹಿಂದೊಂದು ಹಸಿ ಕಾಯಿ ಬಂದವು. ತಿರುಳು ಚಿಪ್ಪಿಗೆ ಅಂಟಿಕೊಂಡು ಚೂರಾಗಿ ಕಿತ್ತು ಬಂತು. ಜವರಯ್ಯ ಒಡೆಯುವವರ ಮೇಲೆ ಹರಿಹಾಯ್ದ. ‘ಕೈಯಲ್ಲಿ ನರ ಇಲ್ವೇನ್ರೇ, ಹಿಂಗಾ ಒಡೆಯೋದು’ ಅಂತ ಕೂಗಾಡಿದ. ಆಗ ಅವನ ಸೊಸೆ ಸೌಂದರ್ಯ, ಅಷ್ಟು ಜನರ ಮುಂದೆ, ಕಡ್ಡಿ ಮುರಿದ ಹಾಗೆ ಹೇಳಿದಳು:

‘ಒಡೆಯೋರ ತಪ್ಪಲ್ಲ ಮಾವ. ಕಾಯೇ ಆಗಿರ್ಲಿಲ್ಲ.’

ಅಂದಿನಿಂದ ಅವನು ಅವಳ ಜೊತೆ ನೇರ ಮಾತಾಡಿಲ್ಲ. ಎದುರಿಗೇ ನಿಂತಿದ್ದರೂ ಹೆಂಡತಿ ರಂಗಮ್ಮನ ಕಡೆ ತಿರುಗಿ, ‘ನಿನ್ ಸೊಸೆಗೆ ಹೇಳು, ಬಿಸಿನೀರು ಕಾಯ್ದೈತಾ ಅಂತ’ ಅನ್ನುತ್ತಿದ್ದ. ಅವಳೇನು ಕಮ್ಮಿಯೇ. ‘ನಿಮ್ಮ ಯಜಮಾನ್ರಿಗೆ ಹೇಳಿ ಅತ್ತೆ, ಕಾಯ್ದೈತೆ ಅಂತ’ ಅನ್ನುತ್ತಿದ್ದಳು. ನಡುವೆ ರಂಗಮ್ಮನ ಪಾಡು ನಾಯಿಪಾಡು. ಸೌಂದರ್ಯ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಹುಡುಗಿ, ಅವಳ ತವರಲ್ಲೂ ತೆಂಗಿನ ಅಟ್ಟ ಇತ್ತು. ಜವರಯ್ಯನ ಪ್ರಕಾರ ಅದು ಅಟ್ಟವಲ್ಲ, ಇಲಿ ಸಾಕುವ ಜಾಗ. ಮನೆಯಲ್ಲಿ ಕೂತು ಊರಿನ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಿದ್ದಳು. ಮಗ ಸಂತೋಷ್ ಅರಸೀಕೆರೆಯ ಒಂದು ಸಹಕಾರ ಬ್ಯಾಂಕಿನಲ್ಲಿ ಗುಮಾಸ್ತ, ಬೆಳಿಗ್ಗೆ ರೈಲು ಹತ್ತಿ ಹೋದರೆ ಸಂಜೆ ರೈಲಿಗೆ ಬರುವವನು. ಅಪ್ಪನ ಕೋಪಕ್ಕೂ ಹೆಂಡತಿಯ ಮಾತಿಗೂ ಸಿಗದ ಹಾಗೆ ಇರಬೇಕೆಂದೇ ಅವನು ಈ ಕೆಲಸ ಹಿಡಿದಿದ್ದು ಅನ್ನುವವರೂ ಇದ್ದರು.

ಈ ಸಂತೋಷನೇ ತಂದದ್ದು ಹೋಮ್ ಥಿಯೇಟರ್. ಒಂದು ಕರೀ ಪೆಟ್ಟಿಗೆ, ಅದಕ್ಕೆ ಗೋಡೆಯ ನಾಲ್ಕೂ ಕಡೆ ಸ್ಪೀಕರು, ಮೂಲೆಯಲ್ಲಿ ಗುಡುಗುವ ಡಬ್ಬ ಒಂದು. ರಾತ್ರಿ ಊಟವಾದ ಮೇಲೆ ಸಿನಿಮಾ ನೋಡಲು ಅಂತ ತಂದ. ಆದರೆ ಮಧ್ಯಾಹ್ನವೆಲ್ಲ ಅದು ಜವರಯ್ಯನ ಕೈಗೆ ಸಿಕ್ಕಿತು. ಅವನು ನೋಡುತ್ತಿದ್ದುದು ಒಂದೇ: ಸುದ್ದಿ ಚಾನೆಲ್ಲಿನಲ್ಲಿ ನಾಲ್ಕು ಜನ ಎದುರುಬದುರು ಕೂತು ಕಿತ್ತಾಡುವ ಚರ್ಚೆ. ಜಗಳವೆಂದರೆ ಅವನಿಗೆ ಹಬ್ಬದೂಟ. ತಾನೂ ನಡುವೆ ಬಾಯಿ ಹಾಕುತ್ತಿದ್ದ. ‘ಉಗೀರಿ ಅವನ ಮುಖಕ್ಕೆ’ ಅಂತ ಟಿ.ವಿ.ಗೆ ಹೇಳಿಕೊಡುತ್ತಿದ್ದ. ಆ ಹೊತ್ತಿಗೆ ರಂಗಮ್ಮ ಹಸು ಹೊಡೆದುಕೊಂಡು ತೋಟಕ್ಕೆ ಹೋಗಿಬಿಡುತ್ತಿದ್ದಳು. ಪಕ್ಕದ ಮನೆಯ ಸಣ್ಣಯ್ಯ ಕಿಟಕಿ ಮುಚ್ಚಿಕೊಳ್ಳುತ್ತಿದ್ದ. ಸೌಂದರ್ಯ ಹೊಲಿಗೆ ಮಿಷನ್ನು ಎತ್ತಿಕೊಂಡು ಹಿತ್ತಿಲ ಕೋಣೆಗೆ ಸೇರುತ್ತಿದ್ದಳು.

ಹೀಗಿರುವಾಗ ಪೆಟ್ಟಿಗೆ ಸದ್ದು ನುಂಗಲು ಶುರುಮಾಡಿತು.

ಜಗಳ ಒಂದು ಹದಕ್ಕೆ ಬಂದಿರುತ್ತದೆ, ಒಬ್ಬ ಎದ್ದು ನಿಂತು ಮೇಜು ಗುದ್ದುತ್ತಾನೆ, ಅಷ್ಟರಲ್ಲಿ ಎಲ್ಲ ಮೂಕ. ಬಾಯಿಗಳು ಆಡುತ್ತಿವೆ, ಮಾತಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಾತು ತಾನಾಗಿ ಬರುತ್ತದೆ, ಅಷ್ಟರಲ್ಲಿ ಜಾಹೀರಾತು. ಜವರಯ್ಯನಿಗೆ ಮೈಯೆಲ್ಲ ಉರಿಯಿತು. ಸಂಜೆ ಮಗ ಬಂದು ಚಪ್ಪಲಿ ಬಿಡುವ ಮೊದಲೇ ಹಿಡಿದುಕೊಂಡ.

‘ಏನ್ಲಾ ತಂದಿದೀಯ ಇದು? ಮಾತು ಮಾತಿಗೂ ಬಾಯಿ ಮುಚ್ಕತದೆ.’

ಸಂತೋಷ್ ಪೆಟ್ಟಿಗೆ ಹಾಕಿ ನೋಡಿದ. ಹಾಡು ಕೇಳಿದ, ಸಿನಿಮಾ ನೋಡಿದ, ಅದೇ ಚರ್ಚೆಯನ್ನೂ ಹಾಕಿ ನೋಡಿದ. ಒಂದು ಸಲವೂ ನಿಲ್ಲಲಿಲ್ಲ. ಆದರೂ ಅಪ್ಪನ ಬಾಯಿಗೆ ಹೆದರಿ ಟಿ.ವಿ.ಯಿಂದ ಪೆಟ್ಟಿಗೆಗೆ ಬರುವ ಕೇಬಲ್ಲು ಬದಲಾಯಿಸಿದ. ಮಾರನೆಯ ಮಧ್ಯಾಹ್ನ ಮತ್ತೆ ನಿಂತಿತು. ಇನ್ನೊಂದು ತೂತಿಗೆ ಸಿಕ್ಕಿಸಿದ, ನಿಂತಿತು. ಕರೆಂಟು ಏರುಪೇರು ಇರಬೇಕೆಂದು ಸ್ಟೆಬಿಲೈಸರು ತಂದು ಇಟ್ಟ, ನಿಂತಿತು. ಸಂಜೆ ಸಂತೋಷ್ ಕೂತರೆ ಮಾತ್ರ ಅದು ಗಂಗಮ್ಮನ ಹಾಗೆ ಹರಿಯುತ್ತಿತ್ತು.

‘ನೀನು ಕೂತ್ರೆ ಸಾಚಾ ಆಯ್ತದೆ, ನಾನು ಕೂತ್ರೆ ಕಳ್ಳಾಟ ಆಡ್ತದೆ’ ಎಂದ ಜವರಯ್ಯ.

‘ಅಪ್ಪಾ, ಪೆಟ್ಟಿಗೆ ಸರಿಯಾಗೇ ಐತೆ. ನಿಂಗೆ ಎಲ್ಲೋ ಕೇಳಿಸ್ತಾ ಇಲ್ಲ.’

ಈ ಮಾತು ಬರಬಾರದಿತ್ತು, ಬಂತು. ಮನೆಯಲ್ಲಿ ಎಲ್ಲರ ಹೊಟ್ಟೆಯಲ್ಲೂ ಇದ್ದದ್ದೇ, ಬಾಯಿಗೆ ಬಂದದ್ದು ಅಂದು. ಜವರಯ್ಯ ಮಗನ ಮುಖವನ್ನು ದುರುಗುಟ್ಟಿ ನೋಡಿದ, ಊಟದ ತಟ್ಟೆ ತಳ್ಳಿ ಎದ್ದುಹೋದ. ರಂಗಮ್ಮ ಹಿಂದೆ ಹೋಗಿ, ‘ಬುಡಿ, ಮಗ ಏನೋ ಅಂದ’ ಅಂತ ರಮಿಸಲು ಹೋದರೆ ಅವಳಿಗೂ ಬಿತ್ತು. ಅವನ ತಲೆಯಲ್ಲಿ ಒಂದು ಮಾತು ಕೂತುಬಿಟ್ಟಿತ್ತು. ನನ್ನ ಕಿವಿ ಹೋಯ್ತು ಅಂತ ಇವರು ಸಾರುತ್ತಿರುವುದು ಟಿ.ವಿ.ಗಾಗಿ ಅಲ್ಲ, ಅಟ್ಟಕ್ಕಾಗಿ. ಮಾಡಿಸುತ್ತಿರುವವಳು ಯಾರು ಅಂತಲೂ ಗೊತ್ತು.

ಹಾಗಾಗಿ ಅವನು ಸೊಸೆಯ ಬೆನ್ನು ಬಿದ್ದ. ಅವಳ ಮೊಬೈಲಿನಿಂದ ಪೆಟ್ಟಿಗೆಗೆ ಹಾಡು ಹಾಕಬಹುದು ಅನ್ನುವುದನ್ನು ನೋಡಿದ್ದ. ಹಾಡು ಹಾಕಲು ಬಂದರೆ ಬಾಯಿ ಮುಚ್ಚಿಸಲೂ ಬರಬೇಕಲ್ಲ. ‘ನಿನ್ ಸೊಸೆಗೆ ಹೇಳು, ನಾನು ಟಿ.ವಿ. ನೋಡೋವಾಗ ಆ ಫೋನ್ ಆಫ್ ಮಾಡಿ ದೇವರ ಗೂಡಲ್ಲಿ ಇಡಬೇಕು’ ಅಂತ ಕಟ್ಟಪ್ಪಣೆ ಮಾಡಿದ. ಅವಳು ಹಲ್ಲು ಕಡಿದುಕೊಂಡು ಇಟ್ಟಳು. ಅವನು ಗೂಡಿನತ್ತ ಒಂದು ಕಣ್ಣು, ಟಿ.ವಿ.ಯತ್ತ ಒಂದು ಕಣ್ಣು ಇಟ್ಟು ಕೂತ. ಸದ್ದು ನಿಂತಿತು.

ಹಾಗಾದರೆ ಹೊಲಿಗೆ ಮಿಷನ್ನು. ಅದಕ್ಕೆ ಕರೆಂಟಿನ ಮೋಟಾರು ಕೂರಿಸಿದ್ದಳು, ಅದು ಓಡುವಾಗ ಕರೆಂಟನ್ನೆಲ್ಲ ಎಳೆದುಕೊಳ್ಳುತ್ತದೆ. ಜವರಯ್ಯ ಸದ್ದಿಲ್ಲದೆ ಹಿತ್ತಿಲ ಕೋಣೆಗೆ ಹೋಗಿ, ಅವಳು ಯಾರದೋ ಮದುವೆ ರವಿಕೆಯ ಕತ್ತಿನ ಹೊಲಿಗೆಯಲ್ಲಿ ಮುಳುಗಿದ್ದಾಗ, ಪ್ಲಗ್ಗು ಕಿತ್ತುಹಾಕಿದ. ಸೂಜಿ ಬಟ್ಟೆಯಲ್ಲೇ ಸಿಕ್ಕಿಕೊಂಡು ನಿಂತಿತು. ಅವಳು ಕೂತಲ್ಲೇ ತಲೆಯೆತ್ತಿ ನೋಡಿದಳು. ಅವನು ಏನೂ ಆಗದವನ ಹಾಗೆ ಹೊರಟುಹೋಗಿ ಟಿ.ವಿ. ಮುಂದೆ ಕೂತ. ಸ್ವಲ್ಪ ಹೊತ್ತಿಗೆಲ್ಲ, ಜಗಳ ಕಾವೇರಿದ ಹೊತ್ತಿಗೆ ಸರಿಯಾಗಿ, ಪೆಟ್ಟಿಗೆ ಗಪ್‌ಚಿಪ್.

ಸೌಂದರ್ಯ ನಡುಮನೆಯ ಬಾಗಿಲಿಗೆ ಬಂದು ನಿಂತಿದ್ದಳು.

‘ಅತ್ತೆ ಮನೇಲಿಲ್ಲ, ಅದಕ್ಕೆ ನಾನೇ ಕೇಳ್ತಾ ಇದೀನಿ. ಇನ್ನು ಯಾರ ಪ್ಲಗ್ ಕೀಳ್ತೀರಿ ಮಾವ? ಸಣ್ಣಯ್ಯೋರ ಮನೇದಾ?’

ಅವನು ರಿಮೋಟು ಬಿಸಾಕಿ ಎದ್ದ. ಇವಳು ಇಲ್ಲಿ ನಿಂತು ನನ್ನನ್ನು ಹೀಗೆ ಕೇಳುವ ಕಾಲ ಬಂತಲ್ಲ ಅಂತ ಗೊಣಗುತ್ತ ತೋಟದ ಕಡೆ ಹೊರಟ.

ಅದೇ ವಾರ ಅಟ್ಟದ ಕಾಯಿ ಇಳಿಸುವ ಮಾತು ಬಂತು. ಸಂತೋಷ್ ಅಪ್ಪನ ಮುಂದೆ ಕೂತು, ರೈಲಿನಲ್ಲಿ ದಾರಿಯುದ್ದಕ್ಕೂ ಕಲಿತು ಬಂದವನ ಹಾಗೆ ಒಂದೇ ಉಸಿರಿನಲ್ಲಿ ಹೇಳಿದ.

‘ಅಪ್ಪಾ, ಈ ಸಲ ಅಟ್ಟ ಸೌಂದರ್ಯ ನೋಡ್ಕೊಳ್ತಾಳೆ. ನೀನು ನನ್ ಜೊತೆ ಹಾಸನಕ್ಕೆ ಬಾ, ಕಿವಿ ತೋರ್ಸೋಣ. ಮಿಷನ್ ಹಾಕಿದ್ರೆ ಚೆನ್ನಾಗಿ ಕೇಳಿಸ್ತದಂತೆ.’

ಜವರಯ್ಯ ಕೂಗಾಡಲಿಲ್ಲ. ಅದು ಇನ್ನೂ ಭಯ ಹುಟ್ಟಿಸಿತು. ನಿಧಾನವಾಗಿ ಎದ್ದು, ಅಟ್ಟಕ್ಕೆ ಆನಿಸಿದ್ದ ಏಣಿ ತೆಗೆದು, ನಡುಮನೆಯಿಂದ ಎಳೆದುಕೊಂಡು ಹೋಗಿ ತನ್ನ ಮಂಚದ ಪಕ್ಕ ಮಲಗಿಸಿದ. ಬಂದು ಮತ್ತೆ ಕೂತ.

‘ಕೇಳ್ಲಾ. ನನ್ ಕಿವಿ ಸರಿ ಐತೆ. ಕೆಟ್ಟಿರೋದು ನೀನು ತಂದ ಪೆಟ್ಟಿಗೆ. ರಿಪೇರಿಯೋನ್ನ ನಾನೇ ಕರ್ಕಂಡ್ ಬತ್ತೀನಿ. ಸದ್ದು ನಿಲ್ಲಾಕಿಲ್ಲ ಅಂತ ಅವನು ಹೇಳಿದ್ರೆ ಅಟ್ಟ ಅವಳಿಗೆ, ಕಿವಿ ನಿಂಗೆ, ಎಲ್ಲಿಗ್ ಬೇಕಾದ್ರೂ ಎಳ್ಕಂಡ್ ಹೋಗು. ನಿಲ್ತದೆ ಅಂತ ಹೇಳಿದ್ರೆ, ನಾನು ಬದುಕಿರೋ ಗಂಟ ಅವಳು ಆ ಏಣಿ ಮುಟ್ಟಕೂಡದು.’

ಸಂತೋಷ್ ಒಪ್ಪಿದ. ಎಷ್ಟೋ ಸಂಜೆ ಆ ಪೆಟ್ಟಿಗೆಯ ಮುಂದೆ ಕೂತವನು, ಒಪ್ಪದೆ ಏನು. ಒಳಗೆ ಸೌಂದರ್ಯ ಅಕ್ಕಿ ಕೇರುತ್ತಿದ್ದಳು. ಮೊರದ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ರಿಪೇರಿಯವನು ಧರ್ಮೇಶ್. ಅರಸೀಕೆರೆಯಲ್ಲಿ ಅವನ ಅಂಗಡಿ. ಜವರಯ್ಯ ತಾನೇ ಬಸ್ಸಿನಲ್ಲಿ ಹೋಗಿ, ಅವನಿಗೆ ಬಸ್ತಿಹಳ್ಳಿ ಕಡೆಯ ನೆಂಟಸ್ತನ ಏನಾದರೂ ಇದೆಯೋ ಅಂತ ವಿಚಾರಿಸಿ, ಇಲ್ಲವೆಂದ ಮೇಲೆ ಭಾನುವಾರಕ್ಕೆ ಹೇಳಿ ಬಂದಿದ್ದ. ಧರ್ಮೇಶನೂ ನಗುಮುಖದ ಆಸಾಮಿಯಲ್ಲ. ರಜಾ ದಿನ ಕರೆದರಲ್ಲ ಅಂತ ಗೊಣಗುತ್ತಲೇ ಬಂದ, ಕೊಟ್ಟ ಕಾಫಿಯನ್ನು ಪಕ್ಕಕ್ಕೆ ಸರಿಸಿ ಪೆಟ್ಟಿಗೆಯ ಹಿಂದೆ ತಲೆ ತೂರಿಸಿದ.

ಒಂದೊಂದೇ ತಂತಿ ಬಿಚ್ಚಿ ನೋಡಿದ. ತುದಿಯ ತಾಮ್ರದ ಎಳೆ ಆಚೀಚೆ ತಾಕಿಕೊಂಡಿದೆಯೋ ಅಂತ ಟಾರ್ಚು ಬಿಟ್ಟು ನೋಡಿದ. ಸ್ಪೀಕರುಗಳಿಗೆ ಒಂದೊಂದಾಗಿ ಕಿವಿ ಕೊಟ್ಟ. ತಾನು ತಂದಿದ್ದ ಕೇಬಲ್ಲು ಸಿಕ್ಕಿಸಿದ. ಚರ್ಚೆ ಹಾಕಿ ಕೂತ. ಮನೆಯವರೆಲ್ಲ ಸುತ್ತ ಕೂತರು, ಪಂಚಾಯಿತಿಗೆ ಕೂತ ಹಾಗೆ. ಟಿ.ವಿ.ಯಲ್ಲಿ ನಾಲ್ವರು ಕಿತ್ತಾಡಿದರು, ಮೇಜು ಗುದ್ದಿದರು, ಎದ್ದು ಹೊರಟರು. ಒಂದು ಮಾತೂ ತಪ್ಪಲಿಲ್ಲ. ಜವರಯ್ಯ ಮುಂದಕ್ಕೆ ಬಾಗಿ ಕೂತಿದ್ದ, ಅವರ ತುಟಿಗಳನ್ನೇ ನೋಡುತ್ತಿದ್ದ.

‘ಎಲ್ಲಾ ಸರಿಯಾಗಿದೆ ಯಜಮಾನ್ರೆ’ ಎಂದು ಧರ್ಮೇಶ್ ಚೀಲದ ಜಿಪ್ಪು ಎಳೆದ. ‘ಸುಮ್ನೆ ಕರೆಸಿದ್ರಿ.’

ಸಂತೋಷ್ ಅಪ್ಪನ ಕಡೆ ನೋಡಿದ. ಅದೇ ಸಾಕಾಯಿತು.

‘ಎಲ್ಲಿಗ್ ಓಡ್ತೀಯ, ಕೂತ್ಕೋ’ ಎಂದ ಜವರಯ್ಯ. ‘ನೀನು ನೋಡಿದ್ದು ನಿಮ್ಮಪ್ಪನ ಮನೆ ರೀತಿ. ನಾನು ನೋಡೋ ರೀತಿ ನೋಡು. ಇವರು ನಿನ್ನ ಕಿವೀಗ್ ಏನಾರ ಊದವ್ರಾ?’

‘ಬಾಯಿ ಸಣ್ಣ ಮಾಡ್ಕೊಳ್ಳಿ ಯಜಮಾನ್ರೆ, ನಾನು ನಿಮ್ಮ ಆಳಲ್ಲ.’

‘ಕೂತ್ಕೋ ಅಂದೆ.’

ರಿಮೋಟು ಅವನ ಕೈಯಿಂದ ಕಿತ್ತುಕೊಂಡು ಜವರಯ್ಯ ದಿನಾ ಒತ್ತುವ ಹಾಗೆ ಒತ್ತಿದ. ಒತ್ತುತ್ತಾ ಹೋದ. ಅಡುಗೆಮನೆಯ ತಟ್ಟೆಗಳು ಗಡಗಡ ಅಂದವು. ದೇವರ ಪಟದ ಗಾಜು ನಡುಗಿತು. ಧರ್ಮೇಶ್ ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡ. ಪಕ್ಕದ ಮನೆಯಿಂದ ಸಣ್ಣಯ್ಯ ಏನೋ ಕೂಗಿದ್ದು ಆ ಗದ್ದಲದಲ್ಲಿ ಯಾರಿಗೂ ತಿಳಿಯಲಿಲ್ಲ. ಜವರಯ್ಯ ಮಾತ್ರ ಈಗ ಬೆನ್ನು ಒರಗಿಸಿ, ಹಾಯಾಗಿ, ಮಾತು ಮಾತಿಗೂ ತಲೆದೂಗುತ್ತ ಕೂತ. ಟಿ.ವಿ.ಯಲ್ಲಿ ಒಬ್ಬ ಎದ್ದುನಿಂತ, ಬೆರಳು ತೋರಿಸಿದ, ಬಾಯಿ ತೆರೆದ. ಸದ್ದು ನಿಂತಿತು.

ಮನೆ ಬಿಕೋ ಅಂದಿತು. ಹಿತ್ತಿಲಲ್ಲಿ ಕೋಳಿ ಕೆದಕುವುದು ಕೇಳಿಸಿತು, ಮೂವರಿಗೆ ಮತ್ತು ಧರ್ಮೇಶನಿಗೆ.

‘ನಿಲ್ತಾ ಇಲ್ವಾ?’ ಜವರಯ್ಯ ಎದ್ದು ನಿಂತಿದ್ದ. ‘ಈಗ ಹೇಳು ಮಗನೆ. ಈಗ ಹೇಳೇ ರಂಗಿ, ನಿನ್ ಸೊಸೆಗೂ ಹೇಳು. ನಿಲ್ತಾ ಇಲ್ವಾ?’

ನಿಜಕ್ಕೂ ನಿಂತಿತ್ತು. ಸೌಂದರ್ಯ ಕಣ್ಣು ಬಿಟ್ಟುಕೊಂಡು ಪೆಟ್ಟಿಗೆಯನ್ನೇ ನೋಡಿದಳು. ಇಷ್ಟು ದಿನ ಸದ್ದು ನಿಂತಾಗೆಲ್ಲ ಮುದುಕ ತಾನೇ ರಿಮೋಟು ಒತ್ತಿ ನಿಲ್ಲಿಸಿ ಸುಳ್ಳು ದೂರು ಹೇಳುತ್ತಿದ್ದಾನೆ ಅಂದುಕೊಂಡಿದ್ದವಳು ಅವಳು.

ಧರ್ಮೇಶ್ ಪೆಟ್ಟಿಗೆಯ ತಲೆಯ ಮೇಲೆ ಅಂಗೈ ಇಟ್ಟು ಚಟ್ಟನೆ ತೆಗೆದ. ಬಗ್ಗಿ ಅದರ ಮುಂಭಾಗ ನೋಡಿದ. ಅಲ್ಲಿ ಅಕ್ಷರ ಮೂಡುವ ಸಣ್ಣ ಗಾಜಿನ ಪಟ್ಟಿ ಇರಬೇಕು, ಇದ್ದದ್ದು ಮೂರು ಬೆರಳಿನ ಅಡ್ಡ ವಿಭೂತಿ, ನಡುವೆ ಅಂಟಿ ಒಣಗಿದ ಕುಂಕುಮ. ಪೆಟ್ಟಿಗೆ ಮನೆಗೆ ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಕುಡುಗೋಲು, ಮಚ್ಚು, ಪಂಪ್‌ಸೆಟ್ಟು, ಸೊಸೆಯ ಮಿಷನ್ನು, ಎಲ್ಲಕ್ಕೂ ಹಚ್ಚಿದ ಹಾಗೆ ಇದಕ್ಕೂ ಹಣೆ ಯಾವುದೆಂದು ನೋಡಿ ಜವರಯ್ಯನೇ ಹಚ್ಚಿದ್ದ. ಪೂಜೆಗೆ ಹಚ್ಚಿದ್ದನ್ನು ಮನೆಯಲ್ಲಿ ಯಾರೂ ಒರೆಸುವುದಿಲ್ಲ, ತಾನಾಗಿ ಉದುರಬೇಕು. ಇದು ಉದುರಿರಲಿಲ್ಲ.

‘ಅಯ್ಯೋ, ಒರೆಸಬೇಡಿ ಕಣಪ್ಪ’ ಎಂದಳು ರಂಗಮ್ಮ.

ಧರ್ಮೇಶ್ ಹೆಬ್ಬೆರಳಿಗೆ ಎಂಜಲು ಹಚ್ಚಿ ಒರೆಸಿಯೇ ಬಿಟ್ಟ. ಅಡಿಯಲ್ಲಿ ಒಂದು ಪದ ಹೊಳೆದು ಆರುತ್ತಿತ್ತು.

‘ಪ್ರೊಟೆಕ್ಟ್ ಅಂತ ಬರೀತಾ ಇದೆ ನೋಡಿ, ಕಾಣಿಸ್ತಾ?’ ಅವನು ಸಂತೋಷನ ಕಡೆ ತಿರುಗಿದ, ಜವರಯ್ಯನಿಗೆ ಬೆನ್ನು ಹಾಕಿ. ‘ಪೆಟ್ಟಿಗೆ ಕೆಟ್ಟಿಲ್ಲ. ತಡೆಯೋಕೆ ಆಗದಷ್ಟು ಜೋರು ಇಟ್ರೆ ಒಳಗೆ ಕಾದು ಸುಟ್ಟುಹೋಗುತ್ತೆ. ಹಾಗಾಗಬಾರ್ದು ಅಂತ ತಾನೇ ಸದ್ದು ಕಟ್ ಮಾಡ್ಕೊಳ್ಳುತ್ತೆ, ತಣ್ಣಗಾದ್ಮೇಲೆ ಬಿಡುತ್ತೆ. ನೀವು ಸಂಜೆ ನೋಡೋವಾಗ ಯಾಕೆ ನಿಲ್ಲಲ್ಲ ಗೊತ್ತಾ, ನೀವು ಇಷ್ಟಿಡಲ್ಲ. ಇದು ಮದುವೆ ಚೌಲ್ಟ್ರಿಗೆ ಇಡೋ ಸದ್ದು. ಇಷ್ಟಿಟ್ಕೊಂಡು ಪಕ್ಕದಲ್ಲಿ ಕೂರಬೇಕು ಅಂದ್ರೆ ಕಿವಿ ಪೂರ್ತಿ...’

ಅಷ್ಟು ಹೊತ್ತಿಗೆ ಅವನಿಗೆ ಏನೋ ಹೊಳೆದಿರಬೇಕು, ತಿರುಗಿ ಜವರಯ್ಯನನ್ನು ನೋಡಿ ಮಾತು ನುಂಗಿಕೊಂಡ.

ನುಂಗಿದ್ದು ಎಲ್ಲರಿಗೂ ತಿಳಿಯಿತು. ಜವರಯ್ಯನಿಗೂ ತಿಳಿಯಿತು, ಏಕೆಂದರೆ ಧರ್ಮೇಶ್ ತಿರುಗಿದಾಗ ಅರ್ಧಕ್ಕೆ ನಿಂತ ಅವನ ಬಾಯಿಯೂ, ಎಲ್ಲರ ಕಣ್ಣು ತನ್ನ ಕಿವಿಯ ಮೇಲೆ ನೆಟ್ಟದ್ದೂ ಕಂಡಿತ್ತು. ಪೆಟ್ಟಿಗೆ ನಿಲ್ಲುತ್ತದೆ ಅಂತ ತೋರಿಸಿ ಗೆದ್ದವನು ಅವನು. ಏಕೆ ನಿಲ್ಲುತ್ತದೆ ಅನ್ನುವುದು ಈಗ ಇಡೀ ಮನೆಗೆ ಗೊತ್ತು.

‘ಈಗ ಗೊತ್ತಾಯ್ತಾ ಅಪ್ಪಾ?’ ಎಂದ ಸಂತೋಷ್. ಅವನಿಗೂ ವರ್ಷಗಳ ಸಿಟ್ಟಿತ್ತು.

‘ಸುಮ್ನಿರಿ’ ಎಂದು ಸೌಂದರ್ಯ ಗಂಡನಿಗೆ ಗದರಿದಳು.

ಜವರಯ್ಯನಿಗೆ ಮಗನ ಮಾತಿಗಿಂತ ಇವಳ ಈ ಕನಿಕರ ಚುಚ್ಚಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

‘ಏನ್ ಗೊತ್ತಾಗೋದು?’ ಎಂದ. ‘ಮಾತು ಏನಾಗಿತ್ತು? ನಿಲ್ತದೆ ಅಂತಂದ್ರೆ ಅಟ್ಟ ನಂದು. ನಿಲ್ತು. ಕಣ್ಣಾರೆ ಕಂಡ್ರಿ. ಕೊಟ್ಟ ಮಾತು ಮುರಿಯೋ ಹಲ್ಕಾ ಮನೆತನನಾ ನಮ್ದು?’

ಧರ್ಮೇಶ್ ಚೀಲ ಹೆಗಲಿಗೇರಿಸಿ, ಆರಿಹೋದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಇಂಥ ಮನೆಯಲ್ಲಿ ಇನ್ನೊಂದು ಗಳಿಗೆ ಇರುವುದು ಬೇಡವೆಂಬಂತೆ ಹೊರಟುಹೋದ.

ಮಾರನೆಯ ಬೆಳಿಗ್ಗೆ ಜವರಯ್ಯ ಗೆದ್ದವನ ಠೀವಿಯಲ್ಲಿ ಏಣಿ ತಂದು ಆನಿಸಿದ. ಸಂತೋಷ್ ರೈಲಿಗೆ ಹೋಗಿದ್ದ. ರಂಗಮ್ಮ ಕಾಯಿ ಒಡೆಯುವವರಿಗೆ ಹೇಳಿಬರಲು ಹೋಗಿದ್ದಳು. ಕೆಳಗೆ ಗೋಣಿಚೀಲ ಹಿಡಿದು ನಿಂತದ್ದು ಸೌಂದರ್ಯ ಒಬ್ಬಳೇ. ಅವನು ಅವಳ ಕಡೆ ತಿರುಗಿಯೂ ನೋಡದೆ ಮೇಲೆ ಹತ್ತಿ ಕಾಲು ಚಾಚಿ ಕೂತ.

ಮೊದಲ ಕಾಯಿ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದ. ಆಗಿದೆ. ಬಲಕ್ಕೆ ಎಸೆಯಲು ಕೈ ಎತ್ತಿದವನು ಹಾಗೇ ತಡೆದ.

ಆಗಿದೆ ಅಂತ ಹೇಳಿದ್ದು ಯಾರು? ಮತ್ತೆ ಕಿವಿಗೆ ಹಿಡಿದ, ಮೆಲ್ಲಗೆ ಅಲ್ಲಾಡಿಸಿದ. ಒಳಗೆ ಏನೋ ಅಂಗೈಗೆ ಬಂದು ತಾಕಿತು. ಕಿವಿಗೆ ಏನೂ ಬರಲಿಲ್ಲ. ಇನ್ನೊಂದು ಕಿವಿಗೆ ಬದಲಾಯಿಸಿದ. ಜೋರಾಗಿ ಅಲ್ಲಾಡಿಸಿದ. ಅಂಗೈ ಹೇಳುತ್ತಿತ್ತು, ಕಿವಿ ಸುಮ್ಮನಿತ್ತು. ಇನ್ನೊಂದು ಕಾಯಿ ಎತ್ತಿದ, ಅದೂ ಹಾಗೇ. ಯಾವಾಗಿನಿಂದ ಹೀಗೆ ಅಂಗೈಯ ಮಾತಿಗೆ ಕಿವಿಯ ಹೆಸರು ಹೇಳಿಕೊಂಡು ಬರುತ್ತಿದ್ದೇನೆ ಅಂತ ಅವನಿಗೇ ತಿಳಿಯಲಿಲ್ಲ. ಅಂಗೈಗೆ ತಾಕಿದ್ದು ಬಿಟ್ಟ ಉಂಡೆಯೋ, ಒಳಗಿನ ನೀರೋ? ಅಂಗೈಗೆ ಅಷ್ಟು ತಿಳಿಯುವುದಿಲ್ಲ. ಹೋದ ವರ್ಷ ಅಂಗಳದಲ್ಲಿ ಚೂರಾಗಿ ಬಂದ ಕಾಯಿಗಳನ್ನೂ ಇದೇ ಕೈ ಬಲಕ್ಕೆ ಎಸೆದಿತ್ತು. ಒಡೆಯುವ ಹೆಂಗಸರಿಗೆ ಅಂದ ಮಾತುಗಳೆಲ್ಲ ನೆನಪಾಗಿ ಅವನಿಗೆ ಕೂತಲ್ಲೇ ನಾಚಿಕೆಯಾಯಿತು. ಅವನಿಗೆ ನಾಚಿಕೆ ಅಭ್ಯಾಸವಿರಲಿಲ್ಲ, ಅದು ಸಿಟ್ಟಿನ ಹಾಗೇ ಮೈಗೆಲ್ಲ ಹತ್ತಿಕೊಂಡಿತು.

ಅಟ್ಟದ ಗವಾಕ್ಷಿಯಲ್ಲಿ ತೋಟದಾಚೆ ಗೂಡ್ಸ್ ರೈಲು ಹೋಗುವುದು ಕಂಡಿತು. ಆ ಗದ್ದಲಕ್ಕೇ ಕಾಯಿ ಕೇಳಿಸುತ್ತಿಲ್ಲ ಅಂತ ಒಂದು ಆಸೆ ಹುಟ್ಟಿ, ರೈಲು ದಾಟಲೆಂದು ಕಾದ. ಕಾಯುತ್ತ ಕೂತವನಿಗೆ ರೈಲಿನ ಗದ್ದಲವೂ ಸರಿಯಾಗಿ ಬರುತ್ತಿಲ್ಲ ಅನ್ನುವುದು ಅರಿವಾಯಿತು. ಎಂಜಿನ್ನಿನ ಕೂಗು ಎಲ್ಲೋ ಅರಸೀಕೆರೆಯಲ್ಲಿ ಕೂಗಿದಷ್ಟು ದೂರದಿಂದ ಬಂತು. ಡಬ್ಬಿಗಳೆಲ್ಲ ಮುಗಿದವು. ಕೈಯಲ್ಲಿ ಕಾಯಿ ಹಾಗೇ ಇತ್ತು.

ಯಾರಿಗೂ ಹೇಳಬೇಕಾಗಿರಲಿಲ್ಲ. ಗೆದ್ದವನು ಅವನು. ಅಂಗೈಗೆ ತೋಚಿದ್ದನ್ನು ಬಲಕ್ಕೋ ಎಡಕ್ಕೋ ಎಸೆದು, ಒಡೆದಾಗ ಹಸಿ ಬಂದರೆ ಒಡೆಯುವವರನ್ನು ಬೈದು, ಬದುಕಿರುವ ಗಂಟ ಕೂರಬಹುದಿತ್ತು. ಸೊಸೆ ಒಂದು ಮಾತೂ ಆಡುವ ಹಾಗಿರಲಿಲ್ಲ. ಅಟ್ಟದ ತುಂಬ ವರ್ಷದ ಕಾಯಿ ಕಾಯುತ್ತಿತ್ತು.

ಅವನು ಅಂಚಿಗೆ ಸರಿದು, ಕೈಯಲ್ಲಿದ್ದ ಕಾಯನ್ನು ಸೌಂದರ್ಯಳ ಕಾಲಬುಡಕ್ಕೆ ದಪ್ಪನೆ ಎಸೆದ. ಅವಳು ಬೆಚ್ಚಿ ಹಿಂದೆ ಸರಿದು ಮೇಲೆ ನೋಡಿದಳು, ಕಣ್ಣಲ್ಲಿ ಕೆಂಡ.

‘ಅಲ್ಲಾಡ್ಸು’ ಎಂದ.

ಇದು ಇನ್ನೊಂದು ಅವಮಾನದ ಶುರುವೋ ಏನೋ ಅಂತ ಅವನ ಮುಖ ನೋಡಿದಳು. ಆಮೇಲೆ ಬಗ್ಗಿ ಕಾಯಿ ಎತ್ತಿ, ಕಿವಿಗೆ ಹಿಡಿದು ಅಲ್ಲಾಡಿಸಿದಳು. ಇನ್ನೊಂದು ಸಲ ಅಲ್ಲಾಡಿಸಿದಳು. ಏನೋ ಹೇಳಿದಳು. ಅವಳ ತುಟಿ ಆಡಿದ್ದು ಅವನಿಗೆ ಕಂಡಿತು.

‘ಬಾಯಲ್ಲಿ ಕಡುಬು ತುಂಬ್ಕಂಡಿದೀಯೇನೇ?’ ಜವರಯ್ಯ ಮೇಲಿನಿಂದ ಅಬ್ಬರಿಸಿದ, ಬೀದಿಗೆಲ್ಲ ಕೇಳುವ ಹಾಗೆ. ‘ಜೋರಾಗಿ ಹೇಳು. ನಂಗೆ ಕಿವಿ ಕೇಳಾಕಿಲ್ಲ.’